ಅಕ್ಕಿ-ಬೇಳೆ ಜೊತೆ ಇರ್ತಾನೆ ಎಂದವರು

ಲಾರಿಯ ಬ್ರೇಕು ಹೋಗಬಹುದಿತ್ತು. ಎದುರಿನ ಲಾರಿಗೆ ದಾರಿ ಬಿಡಲು ಹೋಗಿ ಹಿಂದಿನ ಚಕ್ರ ಕಣಿವೆಗೆ ಜಾರಬಹುದಿತ್ತು. ಸ್ಟೇರಿಂಗ್ ಹಿಡಿದಂತೆಯೇ ನಿದ್ದೆ ಹತ್ತಬಹುದಿತ್ತು. ಗುಡ್ಡದ ಮೇಲಿಂದ ಬಂದ ಶೆಲ್ ನೇರ ಡೀಸೆಲ್ ಡ್ರಮ್ಮಿಗೇ ಬೀಳಬಹುದಿತ್ತು. ಇದೆಲ್ಲ ತಪ್ಪಿದರೂ ಬರೀ ನೆಗಡಿ ಹಿಡಿದು ಅದು ನ್ಯುಮೋನಿಯಾಕ್ಕೆ ತಿರುಗಬಹುದಿತ್ತು. ಕಾರ್ಗಿಲ್ ಯುದ್ಧದ ಆ ದಿನಗಳಲ್ಲಿ, ದಾವಣಗೆರೆಯ ಕೆ.ಬಿ. ಬಡಾವಣೆಯ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಸೇನೆಯ ಲಾರಿ ಓಡಿಸುತ್ತಿದ್ದ ನನ್ನ ತಮ್ಮನಿಗೆ ನಾನು ಕಲ್ಪಿಸದ ಸಾವಿಲ್ಲ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ವಾಪಸು ಬರುವ ಮನುಷ್ಯ ನಾನು; ಯುದ್ಧ ಅಂದರೆ ಕೇಳಬೇಕೆ?

ನನ್ನ ಪಕ್ಕ ಕೂರುತ್ತಿದ್ದವರು ಎದುರುಮನೆಯ ಸುಬೇದಾರರು. ಅವರ ಬಲಗೈ ಎಡಗೈಗಿಂತ ಒಂದು ಬಣ್ಣ ಕಪ್ಪು. ಸೇನೆಯ ಸರಬರಾಜು ವಿಭಾಗದಲ್ಲಿ ವರ್ಷಗಟ್ಟಲೆ ಲಾರಿಯ ಕಿಟಕಿಗೆ ಮೊಣಕೈ ಊರಿ, ಹಿಮದ ಮೇಲಿನ ಬಿಸಿಲಿಗೆ ಸುಟ್ಟ ಕೈ ಅದು. ನಿವೃತ್ತರಾಗಿ ಊರಿಗೆ ಬಂದ ಮೇಲೂ ಆ ಎರಡು ಬಣ್ಣ ಒಂದಾಗಲಿಲ್ಲ. ಬಡಾವಣೆಯಲ್ಲಿ ಯಾರ ಮನೆಯ ಮದುವೆಯಾದರೂ ಅವರು ಮೊದಲು ನುಗ್ಗುತ್ತಿದ್ದುದು ಅಡುಗೆಯವರ ಕಡೆಗೆ. "ಸೌದೆ ಎಲ್ಲೈತ್ರಿ? ನೀರು ಎಲ್ಲಿಂದ ಬರ್ತೈತೆ? ಬರೇ ಬೀಗರ್ನ ನಂಬ್ಕಂಡ್ರೆ ಊಟ ಆಗಲ್ಲ."

ತಮ್ಮನನ್ನು ಸೇನೆಗೆ ಸೇರಿಸಿದವರೂ ಅವರೇ. ಅವನು ಪಿಯುಸಿಯಲ್ಲಿ ಮುಗ್ಗರಿಸಿ ಪಕ್ಕದ ಹಳ್ಳಿ ಬಾತಿಯಲ್ಲಿ ಯಾರದೋ ಟ್ರ್ಯಾಕ್ಟರ್ ಓಡಿಸಿಕೊಂಡಿದ್ದ. ಅವ್ವ ಸುತರಾಂ ಒಪ್ಪಿರಲಿಲ್ಲ. ಸುಬೇದಾರರು ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದ್ದರು: "ಅಕ್ಕಾರೆ, ಇವ್ನು ಬಂದೂಕಿನ ಜೊತೆ ಇರಲ್ಲ, ಅಕ್ಕಿ-ಬ್ಯಾಳೆ ಜೊತೆ ಇರ್ತಾನೆ. ನನ್ನ ನೋಡ್ರಿ, ಮೈಮ್ಯಾಲೆ ಒಂದು ಗಾಯ ಐತಾ?" ಅವ್ವ ಅವರನ್ನು ಮೇಲಿಂದ ಕೆಳಗಿನವರೆಗೆ ನೋಡಿ ಒಪ್ಪಿದಳು.

ಯುದ್ಧ ಶುರುವಾದಾಗ ಅವರು ದಿನಾ ಸಂಜೆ ಬಂದು ನಮಗೆ ದಾರಿ ವಿವರಿಸುತ್ತಿದ್ದರು. ರೈಲು ಮುಗಿಯುವ ಊರಿನವರೆಗೆ ಚೀಲಗಳೆಲ್ಲ ರೈಲಿನಲ್ಲಿ. ಅಲ್ಲಿ ಉಗ್ರಾಣ. ಅಲ್ಲಿಂದ ಲಾರಿಗಳ ಸಾಲು. ಲಾರಿ ಹತ್ತದ ಕಡೆ ಹೇಸರಗತ್ತೆ, ಹೇಸರಗತ್ತೆಯೂ ಹತ್ತದ ಕಡೆ ಮನುಷ್ಯನ ಬೆನ್ನು. ಹಿಮ ಬಿದ್ದು ರಸ್ತೆ ಮುಚ್ಚುವುದರೊಳಗೆ ಇಡೀ ಚಳಿಗಾಲದ ಅಕ್ಕಿ, ಸೀಮೆಎಣ್ಣೆ, ಕಾಲುಚೀಲ ಮೇಲೆ ಸೇರಿರಬೇಕು. "ನೀವು ಬ್ಯಾಸಿಗೇಲಿ ಸಂಡಿಗೆ ಹಾಕಿ ಡಬ್ಬಿ ತುಂಬ್ಕಂತೀರಲ್ಲ ಅಕ್ಕಾರೆ, ಹಂಗೇ. ಆದ್ರೆ ಡಬ್ಬಿ ಆಕಾಶದಾಗೈತೆ!" ಅವ್ವ ನಗುತ್ತಿದ್ದಳು.

ಒಂದು ಸಂಜೆ ಟಿವಿಯಲ್ಲಿ ಆ ರಸ್ತೆಯನ್ನೇ ತೋರಿಸಿದರು. ಶತ್ರು ಕೂತಿದ್ದುದು ರಸ್ತೆ ಕಾಣುವ ಗುಡ್ಡಗಳ ನೆತ್ತಿಯಲ್ಲಿ. ಶೆಲ್ ಬೀಳುತ್ತಿದ್ದುದು ಲಾರಿಗಳ ಮೇಲೆ. ಅಕ್ಕಿ-ಬೇಳೆಯೇ ಗುರಿಯಾಗಿತ್ತು.

ಅವ್ವ ಟಿವಿಯಿಂದ ಕಣ್ಣು ತೆಗೆಯದೆ ಹೇಳಿದಳು: "ಗಾಯ ಆಗಲ್ಲ ಅಂದಿದ್ರಿ."

"ಅಂದಿದ್ದೆ ಅಕ್ಕಾರೆ."

ಅವ್ವ ಎದ್ದು ಒಳಗೆ ಹೋದಳು. ಆವತ್ತಿನಿಂದ ಅವರ ಜೊತೆ ಮಾತು ಬಿಟ್ಟಳು. ಚಹಾ ಮಾತ್ರ ನನ್ನ ಕೈಲಿ ಕಳಿಸುತ್ತಿದ್ದಳು.

ಅವರು ಬರುವುದನ್ನು ಬಿಡಲಿಲ್ಲ. ಒಳಗೆ ಕಾಲಿಡುತ್ತಿರಲಿಲ್ಲ, ಕಟ್ಟೆಯ ಮೇಲೆ ಕೂತು ಕಿಟಕಿಯಿಂದಲೇ ವಾರ್ತೆ ನೋಡುತ್ತಿದ್ದರು. ಶೆಲ್ ಸದ್ದಿಗೆ ಅವರ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು.

"ಬ್ರೇಕ್ ಹಾಕ್ತೀರೇನ್ರಿ?" ಎಂದೆ ಒಮ್ಮೆ.

"ಥೂ, ಬ್ರೇಕ್ ಹಾಕಿದ್ರೆ ಮುಗೀತು. ಅಲ್ಲಿ ನಿಲ್ಲಬಾರ್ದು ತಮ್ಮಾ, ಓಡಿಸ್ತಾನೇ ಇರ್ಬೇಕು."

ಮೂಲೆಯ ಎಸ್‌ಟಿಡಿ ಬೂತಿನಿಂದ ಹಳೆಯ ಉಗ್ರಾಣದ ಗೆಳೆಯರೊಬ್ಬರಿಗೆ ಫೋನು ಹಚ್ಚಿದರು. ನಾನು ಗಾಜಿನ ಹೊರಗೆ ನಿಂತು ಅವರ ಮುಖ ಓದಲು ನೋಡಿದೆ. ಹೊರಗೆ ಬಂದವರು ಬೆವರು ಒರೆಸಿಕೊಂಡು ಪೆಚ್ಚಾಗಿ ನಕ್ಕರು. "ಯಾವ ಲಾರಿ ಎಲ್ಲೈತೆ ಅಂತ ಅವ್ನು ಹೇಳಂಗಿಲ್ಲ, ನಾ ಕೇಳಂಗಿಲ್ಲ. ಅವ್ನಿಗೆ ಅದನ್ನ ಕಲಿಸಿದೋನೂ ನಾನೇ!"

ಸಾವಿರಾರು ಜನರಿಗೆ ಊಟ ಮುಟ್ಟಿಸಿದ ಮನುಷ್ಯನಿಗೆ ಒಬ್ಬ ಹುಡುಗನ ಸುದ್ದಿಯನ್ನು ರಸ್ತೆ ದಾಟಿಸಿ ನಮ್ಮ ಮನೆಗೆ ಮುಟ್ಟಿಸುವುದು ಸಾಧ್ಯವಾಗಲಿಲ್ಲ.

ಯುದ್ಧ ಮುಗಿಯಿತು. "ಚೆನ್ನಾಗಿದೀನಿ" ಎಂದು ತಮ್ಮನ ಕಾಗದ ಬಂತು. ಅವ್ವ ನಂಬಲಿಲ್ಲ, ನಾನಂತೂ ನಂಬುವ ಪೈಕಿಯೇ ಅಲ್ಲ. ಮೇಲಿನ ಡಬ್ಬಿಗಳು ತುಂಬಿ, ರಸ್ತೆ ಹಿಮದಲ್ಲಿ ಮುಚ್ಚಿದ ಮೇಲೆಯೇ ಅವನಿಗೆ ರಜೆ ಸಿಕ್ಕಿದ್ದು. ಬರುವ ದಿನ ಗೊತ್ತಾದಾಗ ಅವ್ವ ಸೆರಗು ಹೊದ್ದು ರಸ್ತೆ ದಾಟಿ ಸುಬೇದಾರರ ಬಾಗಿಲಲ್ಲಿ ನಿಂತಳು.

"ಕಳ್ಸಿದೋರು ನೀವು. ನೀವೇ ಕರ್ಕಂಡು ಬಂದು ನನ್ನ ಕೈಗೆ ಕೊಡ್ರಿ."

ಸುಬೇದಾರರು ತೀರಿಕೊಂಡು ಈಗ ಬಹಳ ವರ್ಷವಾಯಿತು. ನಿದ್ದೆಯಲ್ಲೇ ಹೋದರು, ಹೆಗಲು ಕೊಟ್ಟವರಲ್ಲಿ ತಮ್ಮನೂ ಇದ್ದ. ನನ್ನ ಚಿಂತೆಗಳಿಗೆ ಈಗಲೂ ಕೊರತೆಯಿಲ್ಲ. ಆದರೆ ಏನೂ ಮಾಡಲಾಗದ ಕಡೆ, ಮಾತಾಡಿಸದವರ ಕಟ್ಟೆಗೆ ದಿನಾ ಬಂದು ಕೂರುವುದು ಎಷ್ಟು ಕಷ್ಟ ಎಂದು ಈ ವಯಸ್ಸಿನಲ್ಲಿ ತಿಳಿಯುತ್ತಿದೆ. ನನ್ನ ಕೈಲಂತೂ ಆಗುತ್ತಿರಲಿಲ್ಲ.

ಅಷ್ಟೆಲ್ಲ ಆಗಬಹುದಾಗಿದ್ದ ವರ್ಷದಲ್ಲಿ ಕೊನೆಗೂ ಎಡವಟ್ಟಾಗಿದ್ದು ಒಂದೇ, ಅದೂ ತಮ್ಮ ಬಂದ ದಿನ. ಹುಬ್ಬಳ್ಳಿ ಕಡೆಯ ರೈಲು ದಾವಣಗೆರೆಗಿಂತ ಮೊದಲು ಹರಿಹರಕ್ಕೆ ಬರುತ್ತದೆ. ಸುಬೇದಾರರು ಕೋಟು ತೊಟ್ಟು ಬೆಳಗ್ಗೆಯೇ ಬಸ್ಸಿನಲ್ಲಿ ಹರಿಹರಕ್ಕೆ ಹೋದರು. ಅಲ್ಲೇ ರೈಲು ಹತ್ತಿ, ಹುಡುಗನ ಪಕ್ಕ ಕೂತು, ಕರೆತಂದು ಒಪ್ಪಿಸುವುದು ಅವರ ಲೆಕ್ಕ. ಅವರ ಕಾಲದಲ್ಲಿ ಸೈನಿಕರ ಬೋಗಿ ರೈಲಿನ ಬಾಲದಲ್ಲಿರುತ್ತಿತ್ತಂತೆ. ಅಲ್ಲೇ ನಿಂತರು. ಅವತ್ತು ಅದನ್ನು ಎಂಜಿನ್ನಿನ ಪಕ್ಕ ಜೋಡಿಸಿದ್ದರು. ಅಷ್ಟು ದೂರ ಓಡಲಾಗದೆ ಕೊನೆಯ ಬೋಗಿಯನ್ನೇ ಹತ್ತಿಕೊಂಡರು.

ದಾವಣಗೆರೆಯಲ್ಲಿ ತಮ್ಮ ನಮ್ಮೆದುರೇ ಇಳಿದ, ಒಬ್ಬನೇ. ಅವ್ವ ಅವನ ಕಿವಿ, ಕೈಬೆರಳು ಎಲ್ಲ ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಅವನ ಹಿಂದೆ ಇಣುಕಿ ಕೇಳಿದಳು: "ಅವ್ರೆಲ್ಲಿ?"

"ಯಾರವ್ವಾ?"

ಪ್ಲಾಟ್‌ಫಾರ್ಮಿನ ಆ ತುದಿಯಿಂದ ಕೋಟೊಂದು ಜನರನ್ನು ಸರಿಸಿಕೊಂಡು ಓಡೋಡಿ ಬರುತ್ತಿತ್ತು.

"ಅಕ್ಕಾರೆ... ಬೋಗಿ ಮುಂದಕ್ಕೆ ಹಾಕ್ಯಾರ್ರಿ..." ಸುಬೇದಾರರು ಮುಖ ತಗ್ಗಿಸಿ ಏದುಸಿರು ಬಿಡುತ್ತ ನಿಂತರು.

ಅವ್ವ ತಾನು ಹಿಡಿದಿದ್ದ ತಮ್ಮನ ಕೈಯನ್ನು ಬಿಡಿಸಿ ಅವರ ಕೈಯಲ್ಲಿಟ್ಟಳು. ಒಂದು ಹೆಜ್ಜೆ ಹಿಂದೆ ಸರಿದು ತನ್ನ ಎರಡೂ ಕೈ ಚಾಚಿದಳು.

"ಹೂಂ, ಈಗ ಕೊಡ್ರಿ."