ಹದಿಮೂರು ಬರೆಯದ ತಾಂಡೇಲರು

ತಾಂಡೇಲರ ಬಲಗಣ್ಣು ಯಾವತ್ತೂ ಅರ್ಧ ಮುಚ್ಚಿಯೇ ಇರುತ್ತಿತ್ತು. ಕಣ್ಣಿಗೆ ಏನೂ ಆಗಿರಲಿಲ್ಲ. ನಲವತ್ತು ವರ್ಷ ದೋಣಿಯ ಮೇಲೆ ನಿಂತು, ದಡದ ಮರವನ್ನೂ ಅದರ ಹಿಂದಿನ ಗುಡ್ಡವನ್ನೂ ಒಂದೇ ಗೆರೆಗೆ ತಂದು ನೋಡಿ ನೋಡಿ ಅದು ಹಾಗೆಯೇ ನಿಂತುಬಿಟ್ಟಿತ್ತು. ಮಾತಾಡುವಾಗಲೂ ಅಷ್ಟೇ. ನಾನು ಗಂಭೀರವಾಗಿ ಏನೋ ಹೇಳುತ್ತಿದ್ದರೆ, ಅವರು ನನ್ನ ಕಿವಿಯನ್ನು ಹಿಂದಿನ ಲೈಟುಕಂಬಕ್ಕೆ ಹೊಂದಿಸಿ ನೋಡುತ್ತಿದ್ದಾರೆ ಅನಿಸುತ್ತಿತ್ತು. ಎಷ್ಟೋ ಮಾತನ್ನು ನಾನು ಅರ್ಧಕ್ಕೇ ನುಂಗಿಕೊಂಡಿದ್ದೇನೆ.

ಬೈಂದೂರಿನ ಬಳಿಯ ನಾವುಂದದಲ್ಲಿ ನಮ್ಮದು ಅಕ್ಕಪಕ್ಕದ ಮನೆ. ನಾನು ಹೈಸ್ಕೂಲಿನ ವಿಜ್ಞಾನ ಮೇಷ್ಟ್ರು. ಅವರು ಮೀನಿನ ದೋಣಿ ನಡೆಸುವ ತಾಂಡೇಲರು, ಬಲೆ ಎಲ್ಲಿ ಬಿಡಬೇಕೆಂದು ಹೇಳುವ ಹಕ್ಕು ದೋಣಿಯಲ್ಲಿ ಅವರೊಬ್ಬರದೇ. ಅವರಿಗೆ ಅವರಪ್ಪನಿಂದ ಬಂದ ಆಸ್ತಿ ಎಂದರೆ ಒಂದು ಕಲ್ಲು. ಕಡಲಿನ ತಳದಲ್ಲಿರುವ ಬಂಡೆ. ಅದರ ಬುಡದಲ್ಲಿ ದೊಡ್ಡ ಮೀನು ನಿಲ್ಲುತ್ತದೆ. ಅದಿರುವ ಜಾಗ ಅವರೊಬ್ಬರಿಗೇ ಗೊತ್ತು. ದಡದ ಒಂದು ತೆಂಗಿನ ಮರ, ಹಂಚಿನ ಕಾರ್ಖಾನೆಯ ಒಂದು ಹೊಗೆಗೊಳವೆ, ಎರಡರ ಗುರುತು ಹಿಡಿದು ಹೋಗುವುದು ಎಂಬಷ್ಟು ನನಗೆ ಹೇಳಿದ್ದರು. ಯಾವ ತೆಂಗು ಎಂದು ಕೇಳಿದರೆ ಎದ್ದು ಹೋಗುತ್ತಿದ್ದರು.

ಒಂದು ವರ್ಷ ಆ ಹೊಗೆಗೊಳವೆಯನ್ನು ಕೆಡವಿದರು. ತಾಂಡೇಲರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನಾಳೆ ತೆಂಗೂ ಹೋದರೆ ಕಲ್ಲು ಕಡಲಿನಲ್ಲಿದ್ದೂ ಇಲ್ಲದ ಹಾಗೆ. ಗಂಗೊಳ್ಳಿಯಲ್ಲಿ ಬೇರೆಯವರ ಬೋಟಿಗೆ ಹೋಗುತ್ತಿದ್ದ ಮಗನಿಗೆ ಹೇಳೋಣವೆಂದರೆ, ಅವನು ಮೂವತ್ತು ದಾಟಿದ ಒಳ್ಳೆಯ ಮನುಷ್ಯನೇ, ಆದರೆ ಎರಡು ಗ್ಲಾಸು ಇಳಿದರೆ ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲುವುದಿಲ್ಲ. ಬೋಟುಗಳಿಗೆ ಜಿಪಿಎಸ್ ಬಂದು ಕೆಲವು ವರ್ಷವಾಗಿತ್ತು. ಆದರೆ ಬೋಟಿನ ಮಿಷನ್ನಿನಲ್ಲಿ ಜಾಗ ಗುರುತು ಹಾಕಿದರೆ ಬೋಟಿನವರೆಲ್ಲ ನೋಡುತ್ತಾರೆ.

ಗಲ್ಫಿನಲ್ಲಿದ್ದ ಗೆಳೆಯನೊಬ್ಬ ನನಗೆ ಕೈಯಲ್ಲಿ ಹಿಡಿಯುವ ಜಿಪಿಎಸ್ ತಂದುಕೊಟ್ಟಿದ್ದ. ತಾಂಡೇಲರು ಅದನ್ನು ಒಂದು ದಿನಕ್ಕೆಂದು ಕೇಳಿ ಪಡೆದು, ಒಬ್ಬರೇ ಸಣ್ಣ ದೋಣಿಯಲ್ಲಿ ಹೋಗಿ ಬಂದರು.

"ನಂಬ್ರ ತಲೆಯಂಗ್ ಇತ್ತ್. ಮಿಷನ್ನಂಗೆ ಅಳ್ಸಿದೆ," ಎಂದರು. ಕಲ್ಲಿನ ಜಾಗದ ಸಂಖ್ಯೆಯನ್ನು ತಲೆಯಲ್ಲಿಟ್ಟುಕೊಂಡು ಮಿಷನ್ನಿನಲ್ಲಿ ಅಳಿಸಿಬಿಟ್ಟಿದ್ದರು. ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ. "ಮಾಷ್ಟ್ರೆ, ನಾ ಇಲ್ದಾಗ ಬೇರೆಯರ್ ಈ ನಂಬ್ರ ಹಿಡ್ಕಂಡ್ ಹೋದ್ರೆ ಅದೇ ಜಾಗಕ್ ಹೋಯ್ ಮುಟ್ಟತ್ತಾ?" ಬೆಳಿಗ್ಗೆ ಹಲ್ಲುಜ್ಜುವಾಗ ಬೇಲಿಯಾಚೆಯಿಂದ ಇದೇ ಪ್ರಶ್ನೆ, ಸಂಜೆ ಶಾಲೆಯಿಂದ ಬಂದರೆ ಇದೇ ಪ್ರಶ್ನೆ. ನಾನು ಉಪಗ್ರಹದ ಚಿತ್ರ ಬರೆದು ವಿವರಿಸಿದೆ. "ಆಕಾಶದಂಗ್ ಇಪ್ಪುದಕ್ಕೆ ಕಡ್ಲಿನಡಿ ಕಲ್ಲ್ ಕಾಂತಾ?" ಎಂದು ಕೇಳಿದರು. ನನಗೆ ತಲೆ ಚಿಟ್ಟು ಹಿಡಿಯಿತು.

ಕೊನೆಗೆ ನಾನೇ ಒಂದು ಉಪಾಯ ಹೇಳಿದೆ. ಲೋಕದಲ್ಲಿ ಜಿಯೋಕ್ಯಾಶಿಂಗ್ ಎಂಬ ಆಟವಿದೆ. ಯಾರೋ ಒಂದು ಡಬ್ಬಿಯನ್ನು ಅಡಗಿಸಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶವನ್ನು ಇಂಟರ್ನೆಟ್ಟಿನಲ್ಲಿ ಹಾಕುತ್ತಾರೆ. ಗುರುತಿಲ್ಲದ ಇನ್ಯಾರೋ ಆ ಸಂಖ್ಯೆ ಹಿಡಿದು ಹೋಗಿ ಹುಡುಕಬೇಕು. ಮಂಗಳೂರಿನ ಬಾವುಟಗುಡ್ಡದಲ್ಲಿ ಪರದೇಶದವರೊಬ್ಬರು ಇಟ್ಟ ಡಬ್ಬಿ ಇರುವುದನ್ನು ನಾನು ಇಂಟರ್ನೆಟ್ಟಿನಲ್ಲಿ ನೋಡಿದ್ದೆ. ಅದು ಸಿಕ್ಕಿದರೆ ನಿಮ್ಮ ಕಲ್ಲೂ ಸಿಗುತ್ತದೆ ಎಂದೆ. ತಾಂಡೇಲರು ಅರ್ಧಗಣ್ಣಿನಲ್ಲಿ ನನ್ನನ್ನು ಅಳೆದು, "ಹಂಗಾರ್ ಹೋಪ," ಎಂದರು.

ಡಿಸೆಂಬರಿನ ಒಂದು ಭಾನುವಾರ ಬೈಂದೂರಿನಲ್ಲಿ ಬೆಳಗಿನ ಪ್ಯಾಸೆಂಜರ್ ಹತ್ತಿದೆವು. ಜನವರಿಯ ನಸುಕಿನಲ್ಲೂ ಬರಿಮೈಯಲ್ಲಿ ಕಡಲಿಗಿಳಿಯುವ ಮನುಷ್ಯ, ರೈಲಿಗೆಂದು ಸ್ವೆಟರು, ಮಫ್ಲರು, ಅದರ ಮೇಲೊಂದು ಬೈರಾಸು ಸುತ್ತಿಕೊಂಡು ಬಂದಿದ್ದರು. ನಾನು ಒಂದೇ ಒಂದು ಷರತ್ತು ಹಾಕಿದ್ದೆ. ಏನು ಹುಡುಕುತ್ತಿದ್ದೇವೆಂದು ಯಾರಿಗೂ ಹೇಳಬಾರದು, ಆಟದ ನಿಯಮವೇ ಅದು. ಸ್ವಂತ ಮಗನಿಗೂ ಕಲ್ಲಿನ ಗುಟ್ಟು ಬಿಡದವರಿಗೆ ಇದೇನು ಕಷ್ಟ ಎಂದುಕೊಂಡಿದ್ದೆ.

ಕುಂದಾಪುರದಲ್ಲಿ ಹತ್ತಿದ ಹೆಂಗಸೊಬ್ಬರು ಎಲ್ಲಿಗೆ ಹೋಗುವುದು ಎಂದು ಕೇಳಿದ್ದೇ ತಡ, ತಾಂಡೇಲರು ಬಾಯಿ ಬಿಟ್ಟರು. "ಮಂಗ್ಳೂರಿಗೆ ಹೋಪ್ದ್. ಯಾರೋ ಪರದೇಶದರ್ ಡಬ್ಬಿ ಅಡ್ಗ್ಸಿ ಇಟ್ಟಿದ್ರಂಬ್ರ್. ಈ ಮಾಷ್ಟ್ರ ಮಿಷನ್ನಂಗೆ ಅದ್ ಕಾಂತ್ತಂಬ್ರ್."

ಬಾರಕೂರು ಬರುವಷ್ಟರಲ್ಲಿ ಇಡೀ ಬೋಗಿಗೆ ಅದು ನಿಧಿಯಾಗಿತ್ತು. ಬ್ರಹ್ಮಾವರದವರೊಬ್ಬರು ನನ್ನ ಪಕ್ಕ ಸರಿದು ಕುಳಿತು, ದನಿ ತಗ್ಗಿಸಿ, "ಪೂಜೆ ಎಲ್ಲ ಮಾಡ್ಸಿದ್ರ್ಯಾ?" ಎಂದು ವಿಚಾರಿಸಿದರು. ಡಬ್ಬಿಯಲ್ಲಿ ಕೀಚೈನು, ಗೋಲಿಗಳ ಹೊರತು ಏನೂ ಇರುವುದಿಲ್ಲ ಎಂದು ನಾನು ಹೇಳಿದಷ್ಟೂ ಅವರ ನಂಬಿಕೆ ಗಟ್ಟಿಯಾಗುತ್ತ ಹೋಯಿತು. ಉಡುಪಿಯಲ್ಲಿ ಇಳಿಯಬೇಕಾಗಿದ್ದ ಮನುಷ್ಯ ಮಂಗಳೂರಿನವರೆಗೂ ಬಂದರು. ನಾನು ಹಲ್ಲು ಕಚ್ಚಿ ಕಿಟಕಿಯಾಚೆ ನೋಡುತ್ತ ಕುಳಿತೆ. ತಾಂಡೇಲರು ಅವರಿಗೆ ಕಡಲೆ ಕೊಡಿಸಿದರು.

ಮಂಗಳೂರಿನಲ್ಲಿ ಇಳಿದು ಮಿಷನ್ ತೆರೆದರೆ, ಡಬ್ಬಿ ಇನ್ನೂ ನೂರ ಹನ್ನೊಂದು ಕಿಲೋಮೀಟರ್ ದೂರ, ನೇರ ಉತ್ತರಕ್ಕೆ ಎಂದು ತೋರಿಸಿತು. ಅಂದರೆ ನಾವು ಬಂದ ದಾರಿಯಲ್ಲೇ ವಾಪಸು, ಕೊಲ್ಲೂರಿನ ಕಾಡಿಗೆ. ಬ್ಯಾಟರಿ ತೆಗೆದು ಹಾಕಿದೆ. ಬಿಸಿಲಿಗೆ ಹಿಡಿದೆ. ಅರ್ಧ ಗಂಟೆ ಸ್ಟೇಷನ್ನಿನ ಎದುರು ಗರಗರ ಸುತ್ತಿದೆ. ನಿಧಿಯ ಬ್ರಹ್ಮಾವರದವರು ಬೇಸತ್ತು ಬಸ್ಸು ಹಿಡಿದರು, ಅದೊಂದೇ ಲಾಭ. ಕೊನೆಗೆ ತಾಂಡೇಲರ ಜೇಬಿನ ಚೀಟಿ ಕೇಳಿ ತೆಗೆಸಿದೆ. ಕಲಿಯಲಿ ಎಂದು, ಸಂಖ್ಯೆ ಬರೆದುಕೊಂಡು ಮಿಷನ್ನಿಗೆ ತುಂಬಿಸುವ ಕೆಲಸವನ್ನು ನಾನು ಅವರಿಗೇ ಬಿಟ್ಟಿದ್ದೆ. ಚೀಟಿಯಲ್ಲಿ ಐವತ್ತೆರಡು ಇತ್ತು, ಐವತ್ತು ಇತ್ತು. ಅವುಗಳ ಮುಂದೆ ಡಿಗ್ರಿಯೆಂದು ಇರಬೇಕಾಗಿದ್ದ ಹನ್ನೆರಡೂ ಇಲ್ಲ, ಎಪ್ಪತ್ತನಾಲ್ಕೂ ಇಲ್ಲ. ನಮ್ಮ ಕಡಲಿನವರು ಡಿಗ್ರಿಯನ್ನು ಬರೆಯುವುದಿಲ್ಲ, ಬಾಯಲ್ಲೂ ಹೇಳುವುದಿಲ್ಲ. ಮಲ್ಪೆಯಿಂದ ಬೈಂದೂರಿನವರೆಗೆ ಅಕ್ಷಾಂಶ ಹದಿಮೂರೇ, ಎಲ್ಲರಿಗೂ ಗೊತ್ತಿರುವುದನ್ನು ಬರೆದು ಏನು ಮಾಡುವುದು? ತಾಂಡೇಲರು ಅಭ್ಯಾಸದಂತೆ ಹದಿಮೂರನ್ನು ಹಾಕಿ ತುಂಬಿಸಿದ್ದರು.

"ಮಂಗಳೂರು ಹನ್ನೆರಡು, ತಾಂಡೇಲ್ರೆ," ಎಂದು ಹಣೆ ಚಚ್ಚಿಕೊಂಡೆ. "ಪೂರ್ತಿ ಬರೀಬೇಕು. ಇಲ್ಲದಿದ್ರೆ ಒಂದು ಡಿಗ್ರಿ ತಪ್ಪಿಹೋಗ್ತದೆ."

"ಹದ್ಮೂರ್ ಬಿಟ್ ಬೇರೆ ಕಡ್ಲೂ ಇತ್ತಾ?" ಎಂದು ಅವರು ನಿಜವಾಗಿಯೂ ಆಶ್ಚರ್ಯಪಟ್ಟರು. ಆಮೇಲೆ ಆಟೋದಲ್ಲಿ ಗುಡ್ಡದ ತನಕವೂ ಏನೋ ಯೋಚಿಸುತ್ತಿದ್ದರು. "ಹದ್ಮೂರ್ ಹಾಕುಕಾತ್ತ್ ಅಂದೇಳಿ ಇಲ್ಲಿಯರಿಗೆ ಗೊತ್ತಾಪ್ದಿಲ್ಲ, ಅಲ್ದಾ?" ಎಂದು ಒಮ್ಮೆ ಕೇಳಿದರು. ಇನ್ನೂ ಅದೇ ತಪ್ಪನ್ನು ಸಮರ್ಥಿಸುತ್ತಿದ್ದಾರೆಂದುಕೊಂಡು ನಾನು ಆಟೋದವನಿಗೆ ದಾರಿ ಹೇಳತೊಡಗಿದೆ.

ಗುಡ್ಡದ ಮೇಲೆ ಮಿಷನ್ ಒಂದು ಹಳೆಯ ಗೋಡೆಯ ಹತ್ತಿರ ಕರೆದೊಯ್ದು ನಿಲ್ಲಿಸಿತು. ಮುಂದೆ ನಾವೇ ಹುಡುಕಬೇಕು. ನಾನು ಯಾರಿಗೂ ಗೊತ್ತಾಗದಂತೆ ಚಪ್ಪಲಿ ಸರಿಮಾಡುವ ನೆಪದಲ್ಲಿ ಕಲ್ಲುಸಂದಿ ನೋಡುತ್ತಿದ್ದರೆ, ತಾಂಡೇಲರು ಗಿಡಕ್ಕೆ ನೀರು ಬಿಡುತ್ತಿದ್ದ ಮಾಲಿಯನ್ನು ಕೂಗಿ ಕರೆದರು. "ಹ್ವಾಯ್, ಇಲ್ಲೊಂದ್ ಡಬ್ಬಿ ಇತ್ತಂಬ್ರಲೆ, ಎಲ್ಲಿ?" ಮಾಲಿ ಪೈಪು ಕೆಳಗಿಡದೆ ಗೋಡೆಯ ಮೂರನೆಯ ಸಾಲಿನ ಸಡಿಲ ಕಲ್ಲು ತೋರಿಸಿದ. ಮಳೆಗಾಲದಲ್ಲಿ ಅದನ್ನು ಒಳಗೆ ತೆಗೆದಿಟ್ಟು ಮತ್ತೆ ತಂದಿಡುವುದೇ ತಾನಂತೆ.

ಪ್ಲಾಸ್ಟಿಕ್ ಡಬ್ಬಿ. ಒಳಗೆ ಕೀಚೈನು, ಗೋಲಿ, ಬಂದವರು ಹೆಸರು ಬರೆಯುವ ಪುಟ್ಟ ಪುಸ್ತಕ, ಪೆನ್ಸಿಲ್ಲು. ತಾಂಡೇಲರು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. "ಮುಟ್ಟತ್ತ್ ಹಂಗಾರೆ," ಎಂದರು. ಆಮೇಲೆ ನನಗೆ ಆಚೆ ಮುಖ ಮಾಡಿ ನಿಲ್ಲಲು ಹೇಳಿ ಪುಸ್ತಕದಲ್ಲಿ ಬರೆಯತೊಡಗಿದರು. ಒಂದು ಹೆಸರು ಬರೆಯಲು ಹತ್ತು ನಿಮಿಷ. ರೈಲಿಗೆ ಹೊತ್ತಾಗುತ್ತಿತ್ತು, ನಾನು ಸಿಡಿಮಿಡಿಗುಟ್ಟಿದೆ. ಅವರು ಜೇಬಿನಿಂದ ಒಂದು ಗಾಳವನ್ನು ತೆಗೆದು ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದರು.

ಆಮೇಲಿನ ವರ್ಷಗಳಲ್ಲಿ ಮಗನಿಗೆ ಹೇಳಿ ಎಂದು ನಾನು ಎಷ್ಟು ಸಲ ಗೋಗರೆದೆನೋ. "ಅವ ಬಾಯ್ ಮುಚ್ಚುಕೆ ಕಲೀಲಿ, ಹೇಳ್ವ," ಎನ್ನುತ್ತಿದ್ದರು. ಒಂದು ದಿನ ಅವರ ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ಬಿದ್ದುಹೋದವು. ನೋಡಲು ಹೋದಾಗ ತಲೆದಿಂಬಿನ ಅಡಿಯಿಂದ ಎಡಗೈಯಲ್ಲಿ ಏನನ್ನೋ ತೆಗೆದು ನನ್ನ ಅಂಗೈಗೆ ಒತ್ತಿದರು. ಅಂದಿನ ರೈಲು ಟಿಕೇಟು, ಅಕ್ಷರ ಮಾಸಿಹೋಗಿತ್ತು. ಆ ದಿನದ ನೆನಪಿಗೆ ಎಂದುಕೊಂಡು ಅತ್ತುಬಿಟ್ಟೆ. ಅವರು ಸಿಟ್ಟಿನಿಂದ ತಲೆ ಅಲ್ಲಾಡಿಸಿದರು. ನನಗೆ ಅರ್ಥವಾಗಲಿಲ್ಲ. ಒಂಬತ್ತು ದಿನಕ್ಕೆ ತೀರಿಕೊಂಡರು.

ಮಗ ಮನೆಯ ಮಾಡಿನ ಸಂದಿಯಲ್ಲೂ ಹುಡುಕಿದ. ಕಡೆಗೆ ನನ್ನ ಜಗಲಿಗೆ ಬಂದು, "ನಿಮ್ಮತ್ರವಾದ್ರೂ ಹೇಳಿದ್ರಾ ಮಾಷ್ಟ್ರೆ?" ಎಂದು ಕೇಳಿ ಕುಸಿದು ಕುಳಿತ. ಮೂರು ತಲೆಮಾರಿನ ಕಲ್ಲು ಕಡಲಲ್ಲೇ ಉಳಿಯಿತು ಎಂದು ಇಬ್ಬರೂ ನಿರ್ಧರಿಸಿದೆವು. ನಾಲ್ಕು ತಿಂಗಳ ಮೇಲೆ ಒಂದು ಮಧ್ಯಾಹ್ನ, ರಜೆಯಲ್ಲಿದ್ದ ಸಮಾಜದ ಮೇಷ್ಟ್ರ ಬದಲಿಗೆ ತರಗತಿಯಲ್ಲಿ ಅಕ್ಷಾಂಶದ ಪಾಠ ಮಾಡುತ್ತ, ಬೋರ್ಡಿನ ಮೇಲೆ ಹನ್ನೆರಡು, ಹದಿಮೂರು ಎಂದು ಗೆರೆ ಎಳೆಯುತ್ತಿದ್ದವನು ಹಾಗೇ ನಿಂತುಬಿಟ್ಟೆ. ಟಿಕೇಟು ಕೊಟ್ಟದ್ದು ನೆನಪಿಗಲ್ಲ, ಹತ್ತು ನಿಮಿಷ ಬರೆದದ್ದು ಹೆಸರಲ್ಲ.

ಮುಂದಿನ ಭಾನುವಾರ ಅದೇ ಪ್ಯಾಸೆಂಜರಿನಲ್ಲಿ ಮಗನನ್ನು ಕರೆದುಕೊಂಡು ಹೋದೆ. ಅದೇ ಮಾಲಿ, ಅದೇ ಕಲ್ಲು. ಡಬ್ಬಿಯಲ್ಲಿ ಗಾಳ ತುಕ್ಕು ಹಿಡಿದು ಕುಳಿತಿತ್ತು. ಮಗ ಪುಟ ತಿರುಗಿಸುತ್ತ ಒಂದು ಕಡೆ ನಿಂತು, ಅದರ ಮೇಲೆ ಅಂಗೈ ಅಡ್ಡ ಇಟ್ಟ. "ನೀವೊಂಚೂರ್ ಆಚಿ ಬದಿ ಕಾಣಿ ಮಾಷ್ಟ್ರೆ," ಎಂದ. ನಾನು ಎರಡನೆಯ ಸಲ ಅದೇ ಗೋಡೆಯ ಬಳಿ ಆಚೆ ತಿರುಗಿ ನಿಂತೆ. ಹಿಂದಿನಿಂದ ಅವನು ಅಳುವುದು ಕೇಳುತ್ತಿತ್ತು.

"ಹದ್ಮೂರ್ ಬರೀಲಿಲ್ಲ ಅಪ್ಪಯ್ಯ," ಎಂದ ವಾಪಸು ಬರುವಾಗ. ಪೂರ್ತಿ ಬರೆಯಬೇಕೆಂದು ನಾನು ಬೈದ ಅದೇ ದಿನ, ಬೇಕೆಂದೇ ಬರೆಯದೆ ಬಿಟ್ಟಿದ್ದರು. ಮಂಗಳೂರಿನವರು ಯಾರಾದರೂ ಆ ಸಂಖ್ಯೆಯನ್ನು ಪರೀಕ್ಷಿಸಿ ನೋಡಿದರೆ ಹನ್ನೆರಡು ಹಾಕಿ ಎಲ್ಲೋ ಕೇರಳದ ಕಡೆಯ ಕಡಲಿಗೆ ಹೋಗುತ್ತಾರೆ. ಹದಿಮೂರು ಹಾಕುವುದು ನಮ್ಮವರಿಗೆ ಮಾತ್ರ ಹೊಳೆಯುತ್ತದೆ, ನಮ್ಮವರು ಯಾರೂ ಬಾವುಟಗುಡ್ಡದ ಗೋಡೆಯಲ್ಲಿ ಮೀನಿನ ಕಲ್ಲು ಹುಡುಕುವುದಿಲ್ಲ. ಇಷ್ಟನ್ನು ಬಾಯಿಬಿಟ್ಟು ಹೇಳಿದ್ದರೆ ಏನಾಗುತ್ತಿತ್ತು ಎಂದು ನನಗೆ ಈಗಲೂ ಸಿಟ್ಟು ಬರುತ್ತದೆ. ಸಿಟ್ಟಿನ ಹಿಂದೆಯೇ ಅವರು ಬೇಕು ಅನಿಸುತ್ತದೆ.

ವಾರ ಕಳೆದು ಮಗ ನಮ್ಮ ಮನೆಗೆ ಒಂದು ದೊಡ್ಡ ಮೀನು ತಂದಿಟ್ಟ. ಬಾಳೆಲೆಯ ಉದ್ದಕ್ಕಿತ್ತು. ಎಲ್ಲಿ ಸಿಕ್ಕಿತು ಎಂದು ಬಾಯಿತಪ್ಪಿ ಕೇಳಿಬಿಟ್ಟೆ. ಎರಡು ಗ್ಲಾಸಿಗೆ ಊರಿಗೆಲ್ಲ ಹೇಳುತ್ತಿದ್ದ ಆ ಮನುಷ್ಯ ಬಲಗಣ್ಣು ಅರ್ಧ ಮುಚ್ಚಿ, ನನ್ನ ಕಿವಿಯಾಚೆ ಲೈಟುಕಂಬದ ಕಡೆ ನೋಡಿದ.

"ಕಡ್ಲಂಗೆ, ಮಾಷ್ಟ್ರೆ," ಎಂದ.