ನಾಲಬಂದರ ಕಾಗದ ಓದಿದ ಶಿರಸ್ತೇದಾರರು

ಬಲಗೈ ಕಿರುಬೆರಳಿನ ಉಗುರನ್ನು ಅವರು ಅರ್ಧ ಬೆರಳಿನಷ್ಟು ಉದ್ದ ಬೆಳೆಸಿದ್ದರು. ಹಳದಿಗಟ್ಟಿದ, ತುದಿಯಲ್ಲಿ ಸ್ವಲ್ಪ ಬಾಗಿದ ಉಗುರು. ಹಳೆಯ ಕಾಗದ ಓದುವಾಗ ಸಾಲಿನ ಕೆಳಗೆ ಅದನ್ನು ಸರಿಸುತ್ತ ಹೋಗುತ್ತಿದ್ದರು. ಬೆರಳು ಮಾತ್ರ ಕಾಗದಕ್ಕೆ ತಾಕುತ್ತಿರಲಿಲ್ಲ. ಅದೇ ಉಗುರಿನಿಂದ ಒಮ್ಮೆ ನನ್ನ ಮುಂಗೈಗೆ ಚುಚ್ಚಿದರು. ಪುಟ ತಿರುವಲು ನಾನು ಬೆರಳಿಗೆ ಉಗುಳು ಹಚ್ಚಿಕೊಂಡದ್ದೇ ಅಪರಾಧ. "ಕಾಗದಕ್ಕ ಎಂಜಲ ಉಣಸ್ತೀಯೇನ?" ಎಂದರು. ಮೂವತ್ತು ದಾಟಿದ ಶಿಕ್ಷಕಿಯನ್ನು ಯಾರೂ ಹಾಗೆ ಚುಚ್ಚಬಾರದು. ಅದನ್ನು ನಾನು ಇವತ್ತಿಗೂ ಮರೆತಿಲ್ಲ, ಕ್ಷಮಿಸಿಯೂ ಇಲ್ಲ.

ಅವರು ನರಗುಂದದಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಮರಾಠಿ ದಫ್ತರಗಳ ಹಳೆಯ ಕೂಡುಬರಹ, ಮೋಡಿ ಲಿಪಿ, ಓದಬಲ್ಲವರು ನಮ್ಮ ಸುತ್ತಮುತ್ತ ನನಗೆ ಸಿಕ್ಕಿದ್ದು ಅವರೊಬ್ಬರೇ. ಬೇರೊಬ್ಬರು ಸಿಕ್ಕಿದ್ದರೆ ಆ ಮನೆಯ ಕಟ್ಟೆಯನ್ನು ನಾನು ಎರಡನೆಯ ಸಲ ಹತ್ತುತ್ತಿರಲಿಲ್ಲ.

ನಾನಾಗ ರಾಜೂರಿನ ಶಾಲೆಯಲ್ಲಿ ಕಲಿಸುತ್ತಿದ್ದೆ. ಮನೆ ಗಜೇಂದ್ರಗಡ. ಕಂಪ್ಯೂಟರಿನಲ್ಲೇ ಇತಿಹಾಸದ ಎಂ.ಎ. ಓದಿಸುವ ದೂರದ ವಿಶ್ವವಿದ್ಯಾಲಯವೊಂದಕ್ಕೆ ಹೆಸರು ಹಚ್ಚಿದ್ದೆ. ಶಾಲೆ ಬಿಟ್ಟ ಮೇಲೆ ಬಸ್‌ಸ್ಟ್ಯಾಂಡಿನ ಹತ್ತಿರದ ಇಂಟರ್ನೆಟ್ ಅಂಗಡಿಯಲ್ಲಿ ಕುಳಿತರೆ, ಪಾಠದ ಒಂದು ಪುಟ ತೆರೆಯುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ನನ್ನ ಮಾರ್ಗದರ್ಶಕರ ಮುಖವನ್ನು ನಾನು ನೋಡಿರಲಿಲ್ಲ. ಕೊನೆಯ ವರ್ಷದ ಪ್ರಬಂಧಕ್ಕೆ ನಾನು ಆರಿಸಿಕೊಂಡಿದ್ದು ನಮ್ಮ ಮನೆಯ ಟ್ರಂಕಿನಲ್ಲಿದ್ದ ಒಂದೇ ಒಂದು ಕಾಗದವನ್ನು.

ನಾವು ನಾಲಬಂದರು, ಕುದುರೆಗಳಿಗೆ ನಾಲು ಹೊಡೆಯುವವರು. ನರಗುಂದದ ಅರಸರು ಕುಂಪಣಿ ಸರಕಾರದ ವಿರುದ್ಧ ಬಂಡೆದ್ದಾಗ ಅವರ ಕುದುರೆಗಳಿಗೆ ನಾಲು ಹೊಡೆದವನು ನಮ್ಮ ಹಿರಿಯ ಎಂದು ಅಬ್ಬಾ ಪ್ರತಿ ಮೊಹರಮ್ಮಿನಲ್ಲಿ ಎದೆಯುಬ್ಬಿಸಿ ಹೇಳುತ್ತಿದ್ದರು. ಅದಕ್ಕೆ ಸಾಕ್ಷಿ ಆ ಕಾಗದ. ಹಸಿರು ಬಟ್ಟೆಯಲ್ಲಿ ಸುತ್ತಿಟ್ಟ ಅದನ್ನು ನಮ್ಮ ಮನೆಯಲ್ಲಿ ಯಾರೂ ಓದಿರಲಿಲ್ಲ. ಓದಿದ ಮೊದಲನೆಯವಳು ನಾನಾಗಬೇಕು, ಆ ಕಥೆ ಅಚ್ಚಾಗಬೇಕು. ಅಬ್ಬಾಗೆ ಇದ್ದದ್ದೂ ಅದೊಂದೇ ಆಸೆ.

ಮೊದಲ ದಿನವೇ ಶಿರಸ್ತೇದಾರರು ನನ್ನನ್ನು ವಿಚಾರಣೆಗೆ ನಿಲ್ಲಿಸಿದರು.

"ಎಲ್ಲಿ ಕಲಿಯಾಕತ್ತಿ?"

"ಇಂಟರ್ನೆಟ್ಟಿನ್ಯಾಗ್ರಿ."

"ಮಾಸ್ತರು ಯಾರು?"

"ಮಾರಿ ನೋಡಿಲ್ರಿ."

"ಚಲೋ ಆತು. ಮಾರಿ ನೋಡದ ಮಾಸ್ತರು, ಕಾಗದ ಮುಟ್ಟದ ಇತಿಹಾಸ. ಲಗ್ನನೂ ಅದರಾಗ ಮಾಡಸ್ತಾರೇನು?"

ಅಂದಿನಿಂದ ನನ್ನನ್ನು 'ಕಂಪ್ಯೂಟರ್ ಬಾಯಿ' ಎಂದೇ ಕರೆದರು. ಆದರೆ ಮುಂದಿನ ರವಿವಾರ ಬರಲು ಹೇಳಿದರು.

ಮೋಡಿಯಲ್ಲಿ ಮೊದಲು ಪುಟದ ಉದ್ದಕ್ಕೂ ಗೆರೆ ಎಳೆಯುತ್ತಾರೆ, ಆಮೇಲೆ ಅಕ್ಷರಗಳನ್ನು ಅದಕ್ಕೆ ತೂಗುಹಾಕುತ್ತಾರೆ. ಶಬ್ದಗಳ ನಡುವೆ ಜಾಗ ಬಿಡುವುದಿಲ್ಲ. ಹಾಗಾಗಿ ನಾಲ್ಕು ರವಿವಾರ ರೋಣದಲ್ಲಿ ಬಸ್ಸು ಬದಲಿಸಿ ನರಗುಂದಕ್ಕೆ ಹೋಗಿ, ಚಾಪೆಯ ಮೇಲೆ ಕುಳಿತು, ಬರೀ ಗೆರೆ ಎಳೆದು ಬಂದೆ. ಗೆರೆ ಸೊಟ್ಟಗಾದರೆ ಹಾಳೆ ಹರಿಯುತ್ತಿದ್ದರು. ಒಂದು ದಿನವೂ ಚಹಾ ಕೊಡಲಿಲ್ಲ. ಪಕ್ಕದ ಮನೆಯಾಕೆ ನನ್ನನ್ನು ಕಂಡು ಮರುಗಿ, "ಧಾರವಾಡಕ್ಕ ಹೋಗಿ ಇತಿಹಾಸದಾಗ ಎಂ.ಎ. ಮಾಡಬೇಕಂತ ಭಾಳ ಆಸೆ ಇತ್ತಂತವ್ವ ಅವರಿಗೆ. ಮನಿ ಬಿಟ್ಟು ಹೋಗಾಕ ಆಗಲಿಲ್ಲ" ಎಂದಳು. ಆ ಮಾತನ್ನು ನಾನು ಸಮಯಕ್ಕೆ ಬೇಕಾಗಬಹುದೆಂದು ಇಟ್ಟುಕೊಂಡೆ.

ಏಳೆಂಟು ತಿಂಗಳಲ್ಲಿ ನಮ್ಮ ಕಾಗದವನ್ನು ನಾನೇ ಓದಿದೆ. ನರಗುಂದಕ್ಕೆ ಹೋದ ಕುದುರೆಗಳಿಗೆ ನಾಲು ಹೊಡೆದದ್ದಕ್ಕಾಗಿ ನಮ್ಮ ಹಿರಿಯನಿಗೆ ತುಂಡು ಹೊಲ ಕೊಟ್ಟ ಸನದು ಅದು; ಕೊಟ್ಟವರ ಮುದ್ರೆ ಮಾತ್ರ ಅಳಿಸಿಹೋಗಿತ್ತು. ವರ್ಷ ಫಸಲಿ, ಅಂದರೆ ಕಂದಾಯದ ವರ್ಷದ ಲೆಕ್ಕದ್ದು ಎಂದುಕೊಂಡು, ಅದನ್ನು ಇಸವಿಗೆ ತರಲು ಕಂಪ್ಯೂಟರಿನ ಪಾಠದಲ್ಲಿದ್ದಂತೆ ಐನೂರ ತೊಂಬತ್ತು ಕೂಡಿಸಿದೆ. ಬಂಡಾಯಕ್ಕೆ ಒಂಬತ್ತು ವರ್ಷ ಮೊದಲೇ ನಮ್ಮವರು ನರಗುಂದದ ಅರಸರ ಕಡೆಯವರು ಎಂದು ಸಾಬೀತಾಯಿತು; ಬಂಡಾಯದಲ್ಲೂ ಅವರ ಜೊತೆಗೇ ಇದ್ದರೆಂದು ಧೈರ್ಯವಾಗಿ ಹೇಳಬಹುದಿತ್ತು. ಪ್ರಬಂಧ ಬರೆದು ಕಳಿಸಿದೆ. ಮನೆಯ ನೆನಪು, ದಾಖಲೆ ಎರಡೂ ಹೀಗೆ ಕೂಡಿಬರುವುದು ಅಪರೂಪ ಎಂದು ಮಾರ್ಗದರ್ಶಕರು ಹೊಗಳಿ ಬರೆದರು. ಆ ಹೊಗಳಿಕೆಯ ಪ್ರತಿ ತೆಗೆಸಿಕೊಂಡು, ಮುದುಕನ ಬಾಯಿ ಮುಚ್ಚಿಸಬೇಕೆಂದೇ ನರಗುಂದಕ್ಕೆ ಹೋದೆ.

ಅವರು ಹೊಗಳಿಕೆಯನ್ನು ಓದಲಿಲ್ಲ. ಕಾಗದವನ್ನೇ ಕೇಳಿದರು. ಉಗುರು ವರ್ಷದ ಅಂಕಿಗಿಂತ ಮುಂಚೆ ಇದ್ದ ಒಂದು ಸಣ್ಣ ಕಲೆಯ ಕೆಳಗೆ ನಿಂತಿತು.

"ಇದೇನು?"

"ಮಸಿ ಬಿದ್ದೈತ್ರಿ."

"ಮಸಿ ಅಲ್ಲ. ಸುಹೂರ್ ಸನ್ನು ಅಂತ ತೋರಸೂ ಗುರುತು, ಮರಾಠಿ ದಫ್ತರದವರ ಬ್ಯಾರೆ ವರ್ಷದ ಲೆಕ್ಕ. ಫಸಲಿ ಅಲ್ಲ ಇದು. ಇದಕ್ಕ ಆರುನೂರಕ್ಕ ಒಂದು ಕಡಿಮಿ ಕೂಡಸಬೇಕು."

ಒಂಬತ್ತು ವರ್ಷ ಮುಂದೆ ಹೋಯಿತು. ಬಂಡಾಯದ ವರ್ಷಕ್ಕೇ ಬಂದು ನಿಂತಿತು. ಅದೂ ಬಂಡಾಯ ಮುರಿದುಬಿದ್ದ ಮೇಲಿನ ತಿಂಗಳಿಗೆ.

"ನಿಮ್ಮ ಹಿರ್ಯಾ ಬಂಡಾಯದವರ ಕುದರಿಗೆ ನಾಲ ಹೊಡದಿಲ್ಲ. ಬಂಡಾಯ ಮುರಿಯಾಕ ಹೋದ ಕುದರಿಗೆ ಹೊಡದಾನ. ಅರಸರು ಸೋತ ಮ್ಯಾಲ ಹೊಲ ಕೊಟ್ಟವರು ಕುಂಪಣಿಯವರ" ಎಂದರು. ಇವತ್ತು ಬಿಸಿಲು ಜೋರು ಎಂದಷ್ಟು ಸಲೀಸಾಗಿ.

ನನ್ನ ಮೈ ಉರಿದುಹೋಯಿತು. ಇಟ್ಟುಕೊಂಡಿದ್ದ ಮಾತನ್ನು ತೆಗೆದೆ. "ನಿಮಗ ಸಿಗದ ಎಂ.ಎ. ನನಗ ಸಿಗಾಕತ್ತೈತಿ. ಅದಕ್ಕ ಹೊಟ್ಟಿಕಿಚ್ಚು ನಿಮಗ. ನಮ್ಮ ಮನಿತನದ ಮಾರಿಗೆ ಮಸಿ ಬಳ್ಯಾಕತ್ತೀರಿ."

ಅವರು ಕಾಗದವನ್ನು ಹಸಿರು ಬಟ್ಟೆಯಲ್ಲಿ ಸುತ್ತಿ ನನ್ನ ಮುಂದಿಟ್ಟರು. "ಹೊಟ್ಟಿಕಿಚ್ಚು ಐತಿ, ಖರೇ. ನನಗೈತಿ, ಕಾಗದಕ್ಕಿಲ್ಲ. ನನ್ನ ಮಾತ ಕೇಳಬ್ಯಾಡ, ಕಾಗದ ಓದು."

ಮತ್ತೆಂದೂ ಆ ಮನೆಗೆ ಹೋಗಲಿಲ್ಲ.

ಕೊನೆಯ ಪ್ರತಿ ಕಳಿಸಲು ಐದು ದಿನವಿತ್ತು. ಮಾರ್ಗದರ್ಶಕರಿಗೆ ಮೋಡಿ ಬರುತ್ತಿರಲಿಲ್ಲ. ಹಾಗೇ ಬಿಟ್ಟರೆ ಜಗತ್ತಿನಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ, ನರಗುಂದದ ಒಬ್ಬ ಮುದುಕನನ್ನು ಬಿಟ್ಟು. ಅದನ್ನೇ ನನಗೆ ತಡೆಯಲಾಗಲಿಲ್ಲ. ನಾನು ತಿದ್ದಿದ್ದು ಸತ್ಯದ ಮೇಲಿನ ಪ್ರೀತಿಯಿಂದ ಎಂದರೆ ಸುಳ್ಳಾಗುತ್ತದೆ. ಅವರು ಆ ಕಟ್ಟೆಯ ಮೇಲೆ ಕುಳಿತು ನನ್ನ ಸುಳ್ಳನ್ನು ಒಬ್ಬರೇ ಸವಿಯುವುದು ನನಗೆ ಬೇಡವಾಗಿತ್ತು. ಇಂಟರ್ನೆಟ್ ಅಂಗಡಿಯಲ್ಲಿ ಕುಳಿತು ಎರಡು ಅಧ್ಯಾಯ ಅಳಿಸಿದೆ, ಮತ್ತೆ ಬರೆದೆ.

ಮೊದಲಿನದೇ ಚೆನ್ನಾಗಿತ್ತು ಎಂದರು ಮಾರ್ಗದರ್ಶಕರು. ಪಾಸಾದೆ, ಅಷ್ಟೇ. ಅಬ್ಬಾ ಪ್ರಬಂಧವನ್ನು ನನ್ನಿಂದ ಓದಿಸಿ ಕೇಳಿದರು, ಎದ್ದು ಹೊರಗೆ ಹೋದರು. ಮುಂದಿನ ಮೊಹರಮ್ಮಿನಲ್ಲಿ ಓಣಿಯ ಮಕ್ಕಳು ಕಥೆ ಕೇಳಿದಾಗ, "ನಿಮ್ಮ ಅಕ್ಕನ್ನ ಕೇಳ್ರಿ, ಆಕಿಗೆ ಎಲ್ಲಾ ಗೊತ್ತೈತಿ" ಎಂದು ಮುಖ ತಿರುಗಿಸಿದರು. ಆ ನೋವಿನ ಪಾಪವನ್ನೂ ನಾನು ಶಿರಸ್ತೇದಾರರ ತಲೆಗೇ ಕಟ್ಟಿದೆ.

ಆ ಸಿಟ್ಟಿನಲ್ಲೇ ಪ್ರಬಂಧದ ಒಂದು ಪ್ರತಿಯನ್ನು ಅವರಿಗೆ ಅಂಚೆಯಲ್ಲಿ ಕಳಿಸಿದೆ. ಜೊತೆಗೆ ಒಂದು ಸಾಲಿನ ಪತ್ರವನ್ನೂ ಇಡಲಿಲ್ಲ. ತಿಂಗಳೊಳಗೆ ಅದು ಮರಳಿ ಬಂತು. ಪುಟಪುಟದಲ್ಲೂ ಕೆಂಪು ಮಸಿ. ಹೊಲದ ಮೇರೆ ತಪ್ಪು, ಹುದ್ದೆಯ ಹೆಸರು ತಪ್ಪು, ಈ ಮಾತಿಗೆ ಆಧಾರವೆಲ್ಲಿ, ಇದು ನಿನ್ನ ಊಹೆ. ಒಂದು ಒಳ್ಳೆಯ ಮಾತಿಲ್ಲ. ಸಿಟ್ಟಿನಿಂದ ಅದನ್ನು ಕಪಾಟಿನ ಮೇಲೆ ಎಸೆದೆ. ಆ ಬೇಸಗೆಯಲ್ಲಿ ಅವರು ತೀರಿಕೊಂಡರೆಂದು ನನಗೆ ತಿಳಿದದ್ದು ಮಣ್ಣಾಗಿ ಹತ್ತು ದಿನಗಳ ಮೇಲೆ.

ಆಗ ಪ್ರತಿಯನ್ನು ಕೆಳಗಿಳಿಸಿ ಮೊದಲಿನಿಂದ ನೋಡಿದೆ. ಕೃತಜ್ಞತೆಯ ಪುಟದಲ್ಲಿ ಮಾರ್ಗದರ್ಶಕರಿದ್ದರು, ಅಬ್ಬಾ ಇದ್ದರು, ಇಂಟರ್ನೆಟ್ ಅಂಗಡಿಯವನಿದ್ದ. ನನಗೆ ಓದಲು ಕಲಿಸಿದವರ ಹೆಸರನ್ನು ಬೇಕೆಂದೇ ಬಿಟ್ಟಿದ್ದೆ. ಇಡೀ ಪ್ರಬಂಧದಲ್ಲಿ ಅವರು ಕೆಂಪು ಮಸಿ ಮುಟ್ಟಿಸದೆ ಬಿಟ್ಟದ್ದು ಆ ಪುಟ ಒಂದನ್ನೇ. ಅಲ್ಲೂ ಬೈದಿದ್ದರೆ ನಮ್ಮಿಬ್ಬರ ಲೆಕ್ಕ ಮುಗಿದುಹೋಗುತ್ತಿತ್ತು.