ಹುಳದ ನೀರಿನಲ್ಲಿ ಬೆಳೆದ ಪುದೀನ

ಕಳೆದ ವಾರ ಕನಕಪುರದಲ್ಲಿ ಬಸ್ಸಿಳಿದು, ಹಿಂದೆ ನಾನು ಬಾಡಿಗೆಗಿದ್ದ ಬೀದಿಯನ್ನು ಹಾದು ಹೋಗುತ್ತಿದ್ದೆ. ಒಂದು ಕಾಲಕ್ಕೆ ಅಲ್ಲಿ ಸಾಲುಸಾಲಾಗಿ ರೇಷ್ಮೆ ಬಿಚ್ಚುವ ಶೆಡ್ಡುಗಳಿದ್ದವು. ಈಗ ಹೆಚ್ಚು ಉಳಿದಿಲ್ಲ. ಆದರೂ ಎಲ್ಲೋ ಒಂದು ಕಡೆ ಬೇಸಿನ್ನಿನಲ್ಲಿ ಗೂಡು ಬೇಯುತ್ತಿತ್ತು. ಬಿಸಿನೀರು, ರೇಷ್ಮೆಯ ಅಂಟು, ಗೂಡಿನೊಳಗೆ ಸತ್ತ ಹುಳು, ಈ ಮೂರೂ ಸೇರಿದ ವಾಸನೆ. ಆ ಬೀದಿಯವರಿಗೆ ಅದು ವಾಸನೆಯೆಂದೇ ತಿಳಿಯುವುದಿಲ್ಲ. ನಾನು ಅಲ್ಲಿದ್ದಾಗ ನನಗೂ ತಿಳಿಯುತ್ತಿರಲಿಲ್ಲ. ಮೊನ್ನೆ ತಿಳಿಯಿತು...

ಆ ದಿನ ನಾನು ನಿಂತಿದ್ದ ಜಾಗವನ್ನು ಮೊದಲೇ ಹೇಳಿಬಿಡುತ್ತೇನೆ. ಪಕ್ಕದ ಮನೆಯ ದೊಡ್ಡಪ್ಪನ ಶೆಡ್ಡಿನ ಹಿಂದೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ, ಜಾಲರಿ ಕಿತ್ತುಹೋಗಿದ್ದ ಕಿಟಕಿಯಿಂದ ಒಂದು ಮಾರು ದೂರದಲ್ಲಿ. ಯುಗಾದಿ ಕಳೆದ ಮೇಲಿನ ಒಂದು ಸೋಮವಾರ, ಮಧ್ಯಾಹ್ನಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಆ ಹೊತ್ತಿನಲ್ಲಿ ನಾನು ಹಾರೋಹಳ್ಳಿಯ ಕಂಪನಿಯಲ್ಲಿ ಇರಬೇಕಾಗಿತ್ತು. ಕಿಟಕಿಯ ಒಳಗೆ ದೀಪ ಉರಿಯುತ್ತಿತ್ತು. ನಾನು ಕಂಡದ್ದು ಅನುಮಾನಕ್ಕೆ ಎಡೆಯಿಲ್ಲದಂತೆ ಕಂಡಿತು. ವರ್ಷ ಎರಡು ಸಾವಿರದ ಆರೋ ಏಳೋ, ಅದೊಂದು ಮಾತ್ರ ಈಗ ಖಚಿತವಿಲ್ಲ.

ದೊಡ್ಡಪ್ಪ ನನ್ನ ಸಂಬಂಧಿಕರಲ್ಲ. ಬೀದಿಯ ನನ್ನ ವಯಸ್ಸಿನವರೆಲ್ಲ ಅವರನ್ನು ಹಾಗೆಯೇ ಕರೆಯುತ್ತಿದ್ದರು. ಅವರದ್ದೂ ರೇಷ್ಮೆ ಬಿಚ್ಚುವ ಕಸುಬು. ನಾವು ಅಲ್ಲಿಗೆ ಬಂದ ಹೊಸದರಲ್ಲಿ ಅವರ ಶೆಡ್ಡಿನ ಬೇಸಿನ್ನುಗಳು ನಡೆಯುತ್ತಿದ್ದವು. ಒಂದೊಂದಾಗಿ ನಿಂತವು. ಚೀನಾದ ನೂಲು ಬಂತು. ಬೇಸಿನ್ನಿನ ಮುಂದೆ ಕೂರುತ್ತಿದ್ದ ಹೆಂಗಸರು ಹಾರೋಹಳ್ಳಿಯ ಗಾರ್ಮೆಂಟ್ಸಿಗೆ ಹೋಗತೊಡಗಿದರು. ಕೊನೆಯ ಬೇಸಿನ್ನಿನ ಒಲೆ ಆರಿದ ಮೇಲೆಯೂ ದೊಡ್ಡಪ್ಪ ದಿನಾ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದು ಒಳಗೆ ಕೂರುತ್ತಿದ್ದರು. ಮಾಡಲು ಏನೂ ಇರುತ್ತಿರಲಿಲ್ಲ.

ನಾನು ಮಾಗಡಿ ಕಡೆಯ ಗುಡೇಮಾರನಹಳ್ಳಿಯವನು. ಐ.ಟಿ.ಐ. ಮುಗಿಸಿ ಹಾರೋಹಳ್ಳಿಯ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದೆ. ಕಾಂಟ್ರ್ಯಾಕ್ಟ್ ಮೇಲೆ. ಖಾಯಂ ಮಾಡಿಕೊಳ್ಳುತ್ತೇವೆ ಎಂದು ಪ್ರತಿ ವರ್ಷ ಹೇಳುತ್ತಿದ್ದರು. ದೊಡ್ಡಪ್ಪ ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. "ಏನ್ಲಾ ಕರೆಂಟು, ಬಂದ್ಯಾ?" ಎನ್ನುತ್ತಿದ್ದರು. ನನ್ನ ಹೆಂಡತಿಗೆ ಈ ಹೆಸರು ಹಿಡಿಸುತ್ತಿರಲಿಲ್ಲ. ನನಗೆ ಹಿಡಿಸುತ್ತಿತ್ತು.

ಗಿಡದ ಯೋಚನೆ ನನ್ನದು. ಮಣ್ಣಿಲ್ಲದೆ ನೀರಿನಲ್ಲೇ ಗಿಡ ಬೆಳೆಸುವುದನ್ನು ಟಿ.ವಿ.ಯಲ್ಲಿ ನೋಡಿದ್ದೆ. ನಮ್ಮ ಮನೆಗೆ ಬಿಸಿಲು ಬೀಳುತ್ತಿರಲಿಲ್ಲ, ಕುಂಡ ಇಡಲು ಜಾಗವೂ ಇರಲಿಲ್ಲ. ಯಾರೂ ನೀರು ಹಾಕದೆ, ಯಾರೂ ನೋಡಿಕೊಳ್ಳದೆ, ಮನೆಯೊಳಗೆ ತಾನಾಗಿ ಗಿಡ ಬೆಳೆಯುವ ಒಂದು ಯಂತ್ರ ಮಾಡಬೇಕು ಎಂದು ದೊಡ್ಡಪ್ಪನ ಹತ್ತಿರ ಹೇಳಿದೆ. ಅವರು ಅಂದೇ ಶೆಡ್ಡಿನ ಮೂಲೆಯ ಕೋಣೆಯನ್ನು ಗುಡಿಸಿ ಖಾಲಿ ಮಾಡಿದರು. ಹಿಂದೆ ಗೂಡಿನ ಮೂಟೆ ಇಡುತ್ತಿದ್ದ ಕತ್ತಲೆ ಕೋಣೆ ಅದು.

ಬೋರ್‌ವೆಲ್ ಹಾಕಿಸಿದವರ ಮನೆಯಲ್ಲಿ ಉಳಿದಿದ್ದ ದಪ್ಪ ಪಿ.ವಿ.ಸಿ. ಪೈಪು ತಂದು ಸಾಲಾಗಿ ತೂತು ಕೊರೆದೆವು. ತೂತಿಗೆ ಪ್ಲಾಸ್ಟಿಕ್ ಲೋಟ. ಲೋಟದ ತಳವನ್ನು ಸೋಲ್ಡರಿಂಗ್ ಕಡ್ಡಿಯಿಂದ ಸುಟ್ಟು ಜರಡಿ ಮಾಡಿ, ಒಳಗೆ ತೆಂಗಿನ ನಾರು ತುಂಬಿದೆವು. ಕೆಳಗೆ ಪೇಂಟಿನ ಬಕೆಟ್ಟು, ಅದರೊಳಗೆ ಕೂಲರಿನ ಸಣ್ಣ ಮೋಟರು. ಬೆಂಗಳೂರಿನಿಂದ ಟೈಮರ್ ತಂದೆ. ಅದು ಆಗಾಗ ಮೋಟರನ್ನು ಓಡಿಸಿ ನಿಲ್ಲಿಸುತ್ತಿತ್ತು, ಬೆಳಿಗ್ಗೆ ಸಿ.ಎಫ್.ಎಲ್. ಬಲ್ಬು ಹೊತ್ತಿಸಿ ರಾತ್ರಿ ಆರಿಸುತ್ತಿತ್ತು. ಬಕೆಟ್ಟಿನ ನೀರು ಇಳಿದರೆ ಕಕ್ಕಸಿನ ಫ್ಲಶ್ ಟ್ಯಾಂಕಿನಿಂದ ತೆಗೆದ ತೇಲುವ ಬುರುಡೆ ಇಳಿದು, ಮೇಲಿನ ಡ್ರಮ್ಮಿನಿಂದ ನೀರು ತಾನಾಗಿ ತುಂಬುತ್ತಿತ್ತು. ಪೈಪಿನ ಬಾಯಿಗೆ ದೊಡ್ಡಪ್ಪ ಚನ್ನಪಟ್ಟಣಕ್ಕೆ ಹೋಗಿ, ಗೊಂಬೆ ಕಡೆಯುವವರ ಹತ್ತಿರ ಅರಗು ಬಳಿದ ಕೆಂಪು ಬಿರಡೆ ಮಾಡಿಸಿ ತಂದರು. ಅದರ ಅಗತ್ಯವಿರಲಿಲ್ಲ. ಚೆನ್ನಾಗಿ ಕಾಣಲಿ ಎಂದರು.

ಗಿಡಕ್ಕೆ ಬೇಕಾದ ಸತ್ವವನ್ನು ನೀರಿನಲ್ಲಿ ಕಲಸಬೇಕಲ್ಲ. ಬೆಂಗಳೂರಿನ ಅಂಗಡಿಯಲ್ಲಿ ಅದಕ್ಕೆಂದೇ ಪುಡಿ ಸಿಗುತ್ತದೆ ಎಂದು ಕೇಳಿದ್ದೆ. ದೊಡ್ಡಪ್ಪ ಒಪ್ಪಲಿಲ್ಲ. ಹುಳದ ನೀರಿಗಿಂತ ಗೊಬ್ಬರ ಬೇರೆ ಇಲ್ಲ ಎಂದರು. ಗೂಡು ಬೇಯಿಸಿದ ಬೇಸಿನ್ನಿನ ನೀರನ್ನು ನಾವು ಹಾಗೆ ಕರೆಯುತ್ತಿದ್ದೆವು. ಆ ನೀರು ಹರಿಯುವ ಚರಂಡಿಯ ದಂಡೆಯಲ್ಲಿ ಯಾರೂ ನೆಡದ ಟೊಮೆಟೊ, ಪುದೀನ ಮೊಣಕಾಲೆತ್ತರ ಬೆಳೆಯುತ್ತಿದ್ದುದು ನಿಜ. ನಾನು ಒಪ್ಪಿದೆ. ಅವರು ಇನ್ನೂ ನಡೆಯುತ್ತಿದ್ದ ಬೇರೆಯವರ ಶೆಡ್ಡುಗಳಿಗೆ ಹೋಗಿ ನೀರು ತಂದು, ಬಟ್ಟೆಯಲ್ಲಿ ಸೋಸಿ, ಆರಿಸಿ ಬಕೆಟ್ಟಿಗೆ ಸುರಿದರು. ನಾಲ್ಕು ಜನರ ಹತ್ತಿರ ಮಾತಾಡಲು ಅವರಿಗೆ ಮತ್ತೆ ಒಂದು ನೆಪ ಸಿಕ್ಕಿತ್ತು. ಪುದೀನ, ದೊಡ್ಡಪತ್ರೆ, ಮನಿ ಪ್ಲಾಂಟ್ ಇಟ್ಟೆವು.

ಆಗ ಅವರು ಒಂದು ಕಟ್ಟಳೆ ಹಾಕಿದರು. ಲೋಟ ಎತ್ತಿ ಬೇರು ನೋಡಬಾರದು.

"ನಿಮ್ಮಪ್ಪ ಹುಳ ಸಾಕ್ದೋನು, ನಿಂಗೆ ನಾನು ಹೇಳ್ಬೇಕಾ? ಜ್ವರಕ್ಕೆ ಕೂತಿರೋ ಹುಳ ಮುಟ್ತಾರ? ಬೇರೂ ಹಂಗೇಯ."

ರೇಷ್ಮೆಹುಳು ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದೆ. ಅದಕ್ಕೆ ಜ್ವರ ಎನ್ನುತ್ತೇವೆ. ಆಗ ಅದನ್ನು ಮುಟ್ಟುವಂತಿಲ್ಲ, ತಟ್ಟೆ ಅಲ್ಲಾಡಿಸುವಂತಿಲ್ಲ, ಹುಳುಮನೆಯಲ್ಲಿ ಗಟ್ಟಿಯಾಗಿ ಓಡಾಡುವಂತೆಯೂ ಇಲ್ಲ. ಆ ಭಯದಲ್ಲೇ ಬೆಳೆದವನು ನಾನು. ಬೇರಿಗೆ ಜ್ವರ ಬರುತ್ತದೆಯೇ ಎಂದು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ದಿನಾ ಸಂಜೆ ಕೆಲಸದಿಂದ ಬಂದು, ಕೈಕಾಲು ತೊಳೆದು, ಕೋಣೆಯ ಬಾಗಿಲಲ್ಲಿ ನಿಂತು ಎಲೆ ನೋಡುತ್ತಿದ್ದೆ. ಎಲೆ ಹಸಿರಾಗಿರುತ್ತಿತ್ತು. ಟೈಮರ್ ಟಿಕ್ ಎಂದರೆ ನೀರು ಓಡುವ ಸದ್ದು... ದೊಡ್ಡಪ್ಪ ನನ್ನ ಮುಖ ನೋಡುತ್ತಾ ಸ್ಟೂಲಿನ ಮೇಲೆ ಕೂತಿರುತ್ತಿದ್ದರು. ಅವರು ಗಿಡ ನೋಡುತ್ತಿರಲಿಲ್ಲ ಎನ್ನುವುದು ಈಗ ನೆನಪಾಗುತ್ತದೆ.

ಸುದ್ದಿ ಕಂಪನಿಗೆ ಹೋಯಿತು. ಹೊಸದಾಗಿ ಬಂದಿದ್ದ ಮ್ಯಾನೇಜರಿಗೆ ರಿಸೆಪ್ಷನ್ನಿನಲ್ಲಿ ಗಿಡಗಳಿರಬೇಕು, ಆದರೆ ನೀರು ಹಾಕುವವರು ಮಣ್ಣು ಚೆಲ್ಲಬಾರದು. ನನ್ನನ್ನು ಕರೆಸಿ, ಅಂಥದ್ದೊಂದು ಇಲ್ಲೂ ಮಾಡು, ಹೊರದೇಶದಿಂದ ಗಿರಾಕಿಗಳು ಬರುವ ಹೊತ್ತಿಗೆ ನಿಂತಿರಲಿ ಎಂದರು. ಕೆಲಸ ಮೆಚ್ಚುವಂತಿದ್ದರೆ ಈ ಸಲ ಖಾಯಂ ಪಟ್ಟಿಗೆ ನನ್ನ ಹೆಸರು ಬರೆಯುವುದಾಗಿ ಸೂಪರ್‌ವೈಸರ್ ಎದುರಿನಲ್ಲೇ ಹೇಳಿದರು. ಆಗ ನನ್ನ ಹೆಂಡತಿಗೆ ತಿಂಗಳು ತುಂಬುತ್ತಿತ್ತು. ಆ ಮಾತು ಕೇಳಿದ ಸಂಜೆ ಅವಳು ಪಾಯಸ ಮಾಡಿದಳು. ದೊಡ್ಡಪ್ಪನಿಗೂ ಒಂದು ಲೋಟ ನಾನೇ ಕೊಟ್ಟು ಬಂದೆ. ಅವರು ಅದನ್ನು ಕುಡಿದು, ಲೋಟ ಕೆಳಗಿಟ್ಟು, ಕಂಪನಿ ಸಹವಾಸ ಯಾಕೆ, ಇಲ್ಲೇ ಒಸಿ ದಿನ ನಡೆಯಲಿ ಎಂದರು. ಖಾಯಂ ವಿಷಯ ದೊಡ್ಡಪ್ಪ, ಎಂದೆ. 

ಕಂಪನಿಯದನ್ನು ಇದೇ ಅಳತೆಯಲ್ಲಿ ಮಾಡಿದೆ. ನೀರು ಮಾತ್ರ ಇಲ್ಲಿಂದಲೇ ಹೋಯಿತು. ದೊಡ್ಡಪ್ಪ ತಾವೇ ಸೋಸಿ ಕ್ಯಾನಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಬಸ್ ಸ್ಟಾಪಿನವರೆಗೂ ಹೊತ್ತು ತಂದು ನನ್ನ ಕಾಲ ಬಳಿ ಇಟ್ಟರು. "ಚೆಲ್ದಂಗೆ ತಕ್ಕೊಂಡೋಗು" ಎಂದರು. ಈ ಒಂದು ದೃಶ್ಯವನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ತಿರುಗಿಸಿ ನೋಡಿದ್ದೇನೋ...

ಗಿರಾಕಿಗಳು ಬರುವ ಸೋಮವಾರ ಬೆಳಿಗ್ಗೆ ಗೇಟಿನಲ್ಲೇ ನನಗೆ ಕರೆ ಬಂತು. ಶನಿವಾರ ಸಂಜೆ ಮುಚ್ಚಿದ ರಿಸೆಪ್ಷನ್ನಿನ ಗಾಜಿನ ಬಾಗಿಲನ್ನು ಆಗಷ್ಟೇ ತೆಗೆದಿದ್ದರು. ಒಳಗೆ ನಿಲ್ಲಲಾಗುತ್ತಿರಲಿಲ್ಲ. ನಮ್ಮ ಬೀದಿಯಲ್ಲಿ ಯಾರ ಮೂಗಿಗೂ ತಾಗದ ವಾಸನೆ ಆ ಮುಚ್ಚಿದ ಎ.ಸಿ. ಕೋಣೆಯಲ್ಲಿ ಕೊಳೆತ ಹೆಣದಂತೆ ಹೊಡೆಯುತ್ತಿತ್ತು. ಗಿಡಗಳೆಲ್ಲ ಕುತ್ತಿಗೆ ಮುರಿದುಕೊಂಡು ಪೈಪಿನ ಮೇಲೆ ಬಿದ್ದಿದ್ದವು. ಮ್ಯಾನೇಜರ್ ಕರವಸ್ತ್ರವನ್ನು ಮೂಗಿಗೆ ಹಿಡಿದು ಹೊರಗೆ ಒಯ್ಯಲು ಕೈಸನ್ನೆ ಮಾಡಿದರು. ಗಿರಾಕಿಗಳ ಕಾರು ಒಳಗೆ ಬರುತ್ತಿದ್ದಾಗ ನಾನು ಆ ಬಕೆಟ್ಟನ್ನು ಎತ್ತಿಕೊಂಡು ಅವರೆದುರೇ ಹಾದುಹೋದೆ. ಸೂಪರ್‌ವೈಸರ್ ನನ್ನ ಪಾಸು ಇಸಿದುಕೊಂಡು ಮನೆಗೆ ಹೋಗೆಂದರು.

ಬಸ್ಸಿನಲ್ಲಿ ಕೂತು ನಾನು ಯೋಚಿಸಿದ್ದು ಒಂದೇ. ನಮ್ಮದು ಅಷ್ಟು ಚೆನ್ನಾಗಿದೆ, ಕಂಪನಿಯದರಲ್ಲಿ ನಾನು ಏನು ತಪ್ಪು ಮಾಡಿದೆ? ಟೈಮರಿನ ಹೊತ್ತೇ? ಮೋಟರಿನ ಜೋರೇ? ಶೆಡ್ಡಿನ ಯಂತ್ರವನ್ನು ನೋಡಿದರೆ ಗೊತ್ತಾಗುತ್ತದೆ ಎಂದುಕೊಂಡೆ. ಹೆಂಡತಿಗೆ ಮುಖ ತೋರಿಸುವ ಧೈರ್ಯವಿಲ್ಲದೆ ಹಿಂದಿನ ಓಣಿಯಿಂದ ಬಂದೆ. ಹಾಗೆ ಬಂದವನು ಒಗೆಯುವ ಕಲ್ಲಿನ ಪಕ್ಕದಲ್ಲಿ ನಿಂತೆ.

ಕಿಟಕಿಯ ಒಳಗೆ ದೊಡ್ಡಪ್ಪ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದರು. ಒಂದೊಂದೇ ಲೋಟ ಎತ್ತುತ್ತಿದ್ದರು. ಅದರ ತಳದಲ್ಲಿ ಬೇರಿರಲಿಲ್ಲ. ಕಂದು ಬಣ್ಣದ ಲೋಳೆ ಇಳಿಬಿದ್ದಿತ್ತು. ಅದನ್ನು ಕಿತ್ತು ಹಳೆಯ ಗೂಡಿನ ಮಂಕರಿಗೆ ಹಾಕಿದರು. ಪಕ್ಕದಲ್ಲಿ ಒದ್ದೆ ಗೋಣಿ. ಅದರಡಿಯಿಂದ ಹೊಸ ಪುದೀನದ ಕಡ್ಡಿ ತೆಗೆದು, ಬೇರಿನ ಮಣ್ಣನ್ನು ಚೊಂಬಿನ ನೀರಿನಲ್ಲಿ ತೊಳೆದು, ನಾರಿನಲ್ಲಿ ಸಿಕ್ಕಿಸಿ ಲೋಟವನ್ನು ತೂತಿಗಿಟ್ಟರು. ಎಲೆಯನ್ನು ಪಂಚೆಯ ಅಂಚಿನಲ್ಲಿ ಒರೆಸಿದರು. ಕೈ ತಡವರಿಸಲಿಲ್ಲ. ಮೊದಲ ಸಲ ಮಾಡುವವರ ಕೈ ಹಾಗಿರುವುದಿಲ್ಲ.

ನಾನು ತಿರುಗಿ ತಲೆ ಎತ್ತಿದಾಗ ಓಣಿಯಾಚೆ ಎದುರು ಮನೆಯ ತಾರಸಿಯ ಮೇಲೆ ಶಕೀಲಾ ಬೀ ನಿಂತಿದ್ದರು. ಅವರೂ ರೇಷ್ಮೆ ಬಿಚ್ಚುವವರೇ. ಒಣಹಾಕಿದ್ದ ಮೆಣಸಿನಕಾಯಿ ತಿರುವುತ್ತಿದ್ದವರು ಕೈ ನಿಲ್ಲಿಸಿ, ಮೊದಲು ಕಿಟಕಿಯನ್ನು, ಆಮೇಲೆ ನನ್ನನ್ನು ನೋಡಿದರು. ಮತ್ತೆ ಮೆಣಸಿನಕಾಯಿಯತ್ತ ಬಗ್ಗಿದರು.

ಸಂಜೆ ಎಂದಿನಂತೆ ಕೈಕಾಲು ತೊಳೆದು ಕೋಣೆಗೆ ಹೋದೆ. ಕಂಪನಿಯ ಗಿಡ ಕೊಳೆತುಹೋಯಿತು ಎಂದಷ್ಟೇ ಹೇಳಿದೆ. ಅವರು ತಾವಾಗಿ ಹೇಳಲಿ ಎಂದು ಕಾದೆ.

"ಎ.ಸಿ. ಗಾಳಿ ಕಣ್ಲಾ ಅದು, ಗಿಡಕ್ಕೆ ಆಗಾಕಿಲ್ಲ. ನಮ್ದು ನೋಡು, ಹೆಂಗ್ ನಗ್ತಾ ಐತೆ" ಎಂದರು.

ನಾನು ಒಂದು ಲೋಟಕ್ಕೆ ಕೈ ಹಾಕಿದೆ. ಅವರು ಮಣಿಕಟ್ಟು ಹಿಡಿದರು. ಜ್ವರಕ್ಕೆ ಕೂತೈತೆ, ಮುಟ್ಬ್ಯಾಡ ಎಂದರು. ನಾನು ಎತ್ತಿದೆ. ಕಡ್ಡಿಯನ್ನು ಎಳೆದು ಅವರ ಅಂಗೈಯಲ್ಲಿಟ್ಟೆ. ಬಿಳಿಯ ಬೇರು, ಅದರ ಕವಲಿನಲ್ಲಿ ಇನ್ನೂ ಚೂರು ಕೆಮ್ಮಣ್ಣು ಅಂಟಿತ್ತು. ಅವರು ಅದನ್ನೇ ನೋಡುತ್ತಾ ಕೂತರು.

"ಯಾವತ್ತಿಂದ ದೊಡ್ಡಪ್ಪ?"

"ಮೊದ್ಲಿಂದಾನೂವೆ." ಎಂದರು. "ಒಂದು ವಾರನೂ ತಡೀಲಿಲ್ಲ."

ಮಣ್ಣಿಲ್ಲದಿದ್ದರೆ ಹುಳದ ನೀರು ಬೇರನ್ನೇ ಕೊಳೆಸುತ್ತದೆ, ಅಂಗಡಿಯ ಪುಡಿ ಹಾಕಿದ್ದರೆ ಯಂತ್ರ ನಡೆಯುತ್ತಿತ್ತು, ನನ್ನ ಕೆಲಸ ಉಳಿಯುತ್ತಿತ್ತು ಎಂದೆ.  ಅವರು ಕಡ್ಡಿಯನ್ನು ಮತ್ತೆ ಲೋಟದೊಳಕ್ಕೆ ಇಳಿಸುತ್ತಾ, ನನ್ನ ಮುಖ ನೋಡದೆ ಹೇಳಿದರು:

"ಅಂಗಡಿ ಪುಡಿ ಹಾಕಾದಾದ್ರೆ ನಾನ್ಯಾಕ್ ಬೇಕಾಗಿತ್ತು?"

ನಾನು ಹೊರಗೆ ಬಂದೆ. ಈಗ ಅವರ ಒಂಟಿತನ ನನಗೆ ಅರ್ಥವಾಗುತ್ತದೆ. ನಿಂತುಹೋದ ಕಸುಬಿನಿಂದ ಉಳಿದಿದ್ದು ಆ ನೀರೊಂದೇ, ಅದೂ ಕೆಲಸಕ್ಕೆ ಬರಲಿಲ್ಲವೆಂದು ಒಪ್ಪಿಕೊಳ್ಳುವುದು ಕಷ್ಟ, ಅದೂ ಅರ್ಥವಾಗುತ್ತದೆ. ಕೋಣೆಯೊಳಗೆ ಗಿಡ ಬದಲಾಯಿಸಿ ನನ್ನನ್ನು ನಗಿಸಿದ್ದನ್ನು ಎಂದೋ ಮರೆತುಬಿಡುತ್ತಿದ್ದೆ. ಆದರೆ ಆ ಕ್ಯಾನು... ಗಿಡ ಸಾಯುತ್ತದೆಂದು ಚೆನ್ನಾಗಿ ಗೊತ್ತಿದ್ದ ನೀರನ್ನು ಅವರೇ ತುಂಬಿ, ಬಾಯಿ ಕಟ್ಟಿ, ಹೊತ್ತು ತಂದು, ನನ್ನನ್ನು ಬಸ್ಸು ಹತ್ತಿಸಿದರು. ಬಸ್ಸು ಬರುವವರೆಗೂ ಜೊತೆಯಲ್ಲೇ ನಿಂತಿದ್ದರು. ಅಷ್ಟು ಹೊತ್ತಿನಲ್ಲಿ ಒಂದು ಮಾತು ಸಾಕಾಗಿತ್ತು.

ಕಾಂಟ್ರ್ಯಾಕ್ಟ್ ಮುಂದುವರಿಯಲಿಲ್ಲ. ಹೆಂಡತಿ ಹೆರಿಗೆಗೆ ತವರಿಗೆ ಹೋದಳು. ನಾನು ಮನೆ ಖಾಲಿ ಮಾಡಿ ಚನ್ನಪಟ್ಟಣಕ್ಕೆ ಬಂದು ವೈರಿಂಗ್ ಕೆಲಸ ಹಿಡಿದೆ. ಸಾಮಾನು ಗಾಡಿಗೆ ಹೇರುವಾಗ ದೊಡ್ಡಪ್ಪ ಶೆಡ್ಡಿನ ಬಾಗಿಲಲ್ಲಿದ್ದರು. ನಾನು ಗಾಡಿ ಹತ್ತಿದೆ. ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು. ಹೋದೆ, ಎಲ್ಲರಂತೆ ಹಿಡಿ ಮಣ್ಣು ಹಾಕಿದೆ, ಅವತ್ತೇ ಹಿಂತಿರುಗಿದೆ. ಅಳು ಬರಲಿಲ್ಲ. ಬರಬೇಕಾಗಿತ್ತು ಎಂದು ಈಗ ಅನಿಸುತ್ತದೆ. ನನ್ನ ಕೆಲಸದ ಬಗ್ಗೆ ಅವರಷ್ಟು ಆಸೆಯಿಂದ ಕೇಳಿದವರು ಆಮೇಲೆ ಯಾರೂ ಸಿಗಲಿಲ್ಲ.

ಮೊನ್ನೆ ಆ ಬೀದಿಯಲ್ಲಿ ಶಕೀಲಾ ಬೀ ಬಾಗಿಲಲ್ಲೇ ಕೂತಿದ್ದರು. ಗುರುತು ಹಿಡಿದು ಕೂರಿಸಿ ಚಹಾ ಕೊಟ್ಟರು. ಆ ಪುದೀನ ಎಲ್ಲಿಂದ ಬರುತ್ತಿತ್ತು ಎಂದು ಕೇಳಿದೆ. ನಮ್ಮ ಮನೆ ಚರಂಡಿ ದಂಡೆಯಿಂದಲೇ ಕಿತ್ತುಕೊಂಡು ಹೋಗುತ್ತಿದ್ದರು ಎಂದರು. ನನಗೆ ಯಾಕೆ ಹೇಳಲಿಲ್ಲ ಎಂದೆ. ಅವರು ನಿಜವಾಗಿಯೂ ಬೆರಗಾದರು.

"ನಿಂಗೆ ಗೊತ್ತಿರ್ಲಿಲ್ವಾ? ಯಾ ಅಲ್ಲಾ... ಇಬ್ರೂ ಸೇರ್ಕಂಡು ಕಂಪ್ನಿಯವ್ರಿಗೆ ಟೋಪಿ ಹಾಕ್ತಾವ್ರೆ ಅಂದ್ಕಂಡಿದ್ದೆ ಕಣಪ್ಪ ನಾನು."

ಹಾಗಾದರೆ ಇಷ್ಟು ವರ್ಷ ಆ ಬೀದಿಯಲ್ಲಿ ನಾನೂ ಮೋಸಗಾರನೇ ಆಗಿದ್ದೆ. ಅಲ್ಲವೆಂದು ಹೇಳಬಹುದಾಗಿದ್ದ ದೊಡ್ಡಪ್ಪನೂ ಈಗ ಇಲ್ಲ. ಅದಕ್ಕೇ ಕಂಡದ್ದನ್ನು ಕಂಡಂತೆ ಬರೆದಿದ್ದೇನೆ. ಆ ಸೋಮವಾರ ಕಿಟಕಿಯ ಒಳಗಿನದನ್ನು ಕಂಡವರು ನಾವಿಬ್ಬರೇ, ನಾನು ಮತ್ತು ಶಕೀಲಾ ಬೀ. ಅವರು ಈಗಲೂ ಅದೇ ಮನೆಯಲ್ಲಿದ್ದಾರೆ. ನಾನು ಎಲ್ಲಿ ನಿಂತಿದ್ದೆ ಎಂದು ಕೇಳಿದರೆ ತೋರಿಸುತ್ತಾರೆ.